ಯಾರದೋ ಮದುವೆಯ ಗೌನು

ಕಿಟಕಿ ಪಕ್ಕದ ಸೀಟು ಸಿಗುತ್ತದೆ ಎಂದು ಮಗಳು ಹೇಳಿದ್ದಳು. ಸಿಕ್ಕಿದ್ದು ನಡುವಿನದು. ಅದೂ ಎಲ್ಲಿ? ವಿಮಾನದ ಕಟ್ಟಕಡೆಯ ಸಾಲಿನಲ್ಲಿ, ಬೆನ್ನಿಗೆ ಅಂಟಿಕೊಂಡಂತೆ ಕಕ್ಕಸು. ಒಳಗೆ ಯಾರು ನೀರು ಬಿಟ್ಟರೂ ಟೈಲರಮ್ಮನ ಬೆನ್ನುಮೂಳೆ ನಡುಗುತ್ತಿತ್ತು. ಹಿಂದೆ ಗೋಡೆ ಇದ್ದದ್ದರಿಂದ ಇವಳ ಸೀಟು ಒಂದಿಂಚೂ ಬಾಗುತ್ತಿರಲಿಲ್ಲ. ಮುಂದಿನವನ ಸೀಟು ಮಾತ್ರ ಧಾರಾಳವಾಗಿ ಬಾಗಿ ಇವಳ ಮೂಗಿನ ತುದಿಗೆ ಬಂದು ನಿಂತಿತ್ತು. ಬಲಗಡೆ ಒಬ್ಬ ದಢೂತಿ ಆಸಾಮಿ, ಹತ್ತಿದ ಗಳಿಗೆಯಿಂದ ಬಾಯಿ ತೆರೆದುಕೊಂಡು ಗೊರಕೆ. ಎಡಗಡೆ ಮಗಳು ಚಿನ್ನಿ. ತೊಡೆಯ ಮೇಲೆ ಗೌನಿನ ಚೀಲ.

ಆ ಚೀಲದ ಕಥೆ ಮೊದಲು ಹೇಳಿಬಿಡಬೇಕು. ಟೈಲರಮ್ಮ ಮದುವೆ ಬಟ್ಟೆಯ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಕೂದಲು ನರೆಸಿಕೊಂಡವಳು. ಮುಂದಿನ ಕೋಣೆಯಲ್ಲಿ ಆಳೆತ್ತರದ ಕನ್ನಡಿ, ಮೆತ್ತನೆಯ ಸೋಫಾ, ಮದುಮಗಳು, ಅವಳಮ್ಮ, ನಗು. ಹಿಂದಿನ ಕೋಣೆಯಲ್ಲಿ ಒಂದು ಟ್ಯೂಬ್‌ಲೈಟು, ಇಸ್ತ್ರಿಪೆಟ್ಟಿಗೆಯ ಹಬೆ, ನೆಲದ ತುಂಬ ಚಿಂದಿ, ಮತ್ತು ಈ ಹೆಂಗಸು. ಗಂಡ ಎನ್ನಿಸಿಕೊಂಡವನು, ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ, "ಬೇರೆ ಊರಲ್ಲಿ ಒಳ್ಳೆ ಕೆಲಸ ಸಿಕ್ಕಿದೆ, ನಾನು ಹೋಗಿ ನೆಲೆ ನಿಂತು ಆಮೇಲೆ ನಿಮ್ಮನ್ನ ಕರೆಸ್ಕೋತೀನಿ" ಎಂದು ಹೋದ. ನೆಲೆಯೇನೋ ನಿಂತ, ಇನ್ನೊಂದು ಸಂಸಾರವನ್ನೂ ಹೂಡಿದ, ಇವರನ್ನು ಕರೆಸಿಕೊಳ್ಳುವುದನ್ನು ಮಾತ್ರ ಮರೆತ. ಅವತ್ತಿನಿಂದ ತಾಯಿ ಮಗಳು ಇಬ್ಬರೇ. ಊರವರ ಮದುವೆಗೆಲ್ಲ ಹೊಲಿದು ಹೊಲಿದು ಟೈಲರಮ್ಮ ಮನಸ್ಸಿನಲ್ಲಿ ಒಂದೇ ಒಂದು ಆಸೆ ಇಟ್ಟುಕೊಂಡಿದ್ದಳು. ಚಿನ್ನಿಯ ಮದುವೆಯ ದಿನ ಅವಳ ಮೈಮೇಲೆ ಇರಬೇಕಾದದ್ದು ತನ್ನ ಕೈಯ ಹೊಲಿಗೆ, ಅವಳ ಪಕ್ಕದಲ್ಲಿ ನಿಲ್ಲಬೇಕಾದವಳು ತಾನೊಬ್ಬಳೇ. ಇದನ್ನೇನೂ ಅವಳು ಗುಟ್ಟಾಗಿ ಇಟ್ಟಿರಲಿಲ್ಲ. ಅಂಗಡಿ ಯಜಮಾನಿಗೆ ಗೊತ್ತಿತ್ತು, ಬೀದಿಗೆಲ್ಲ ಗೊತ್ತಿತ್ತು, ಹಾಲು ಹಾಕುವವನಿಗೂ ಗೊತ್ತಿತ್ತು.

ಆ ಅಂಗಡಿಯಲ್ಲಿ ಒಂದು ಪದ್ಧತಿ. ಗೌನು ಪೂರ್ತಿ ಮುಗಿಸುವಂತಿಲ್ಲ. ಕೆಳಗಿನ ಅಂಚಿನ ಒಳಮಡಿಕೆಯಲ್ಲಿ ಬೆರಳಗಲ ಜಾಗ ಬಿಟ್ಟಿರಬೇಕು. ಬಟ್ಟೆ ಒಯ್ಯಲು ಬಂದ ದಿನ ಮದುಮಗಳ ತಾಯಿ ಕೂತು ಅಲ್ಲೊಂದು ಹೊಲಿಗೆ ಹಾಕಿ ಗಂಟು ಬಿಗಿಯುತ್ತಾಳೆ. ಸೂಜಿ ಹಿಡಿಯಲು ಬಾರದ ದೊಡ್ಡ ಮನೆಯ ಹೆಂಗಸರೂ ಕೈ ನಡುಗಿಸುತ್ತ ಹಾಕುತ್ತಾರೆ, ಬೆರಳಿಗೆ ಚುಚ್ಚಿಸಿಕೊಂಡು "ಅಯ್ಯಯ್ಯೋ" ಎನ್ನುತ್ತಾರೆ, ಅಳುತ್ತಾರೆ. ದಾರ ಪೋಣಿಸಿ ಕೊಡುವುದು ಟೈಲರಮ್ಮನ ಕೆಲಸ. ಎಷ್ಟು ತಾಯಂದಿರಿಗೆ ಪೋಣಿಸಿ ಕೊಟ್ಟಿದ್ದಳೋ!

ಕೆಲವು ತಿಂಗಳ ಹಿಂದೆ ಚಿನ್ನಿ ಬಂದು, "ಅಮ್ಮಾ, ನಮ್ಮಾಫೀಸಲ್ಲಿ ಒಬ್ಳು ಗೆಳತಿ ಇದಾಳೆ, ಅವಳ ಮದುವೆ. ಗೌನು ನೀನೇ ಹೊಲೀಬೇಕಂತೆ" ಎಂದಿದ್ದಳು.

"ಅದಕ್ಕೇನಂತೆ, ಕರ್ಕೊಂಡು ಬಾ. ಅಳತೆ ತಗೋತೀನಿ."

"ಅವಳಿಗೆ ಉಸಿರಾಡೋಕೂ ಪುರಸೊತ್ತಿಲ್ಲಮ್ಮ. ಅಳತೆ ನಾನೇ ತಂದಿದೀನಿ."

ಇಲ್ಲಿ ನೀವು ಕೇಳಬಹುದು, ಹೆತ್ತ ಮಗಳ ಅಳತೆ ದರ್ಜಿ ಹೆಂಗಸಿಗೆ ಗುರುತು ಸಿಗಲಿಲ್ಲವೇ ಎಂದು. ಸಿಗಲಿಲ್ಲ. ಯಾಕೆಂದರೆ ಅವಳು ಮಗಳಿಗೆ ಒಂದು ದಿನವೂ ಟೇಪು ಹಿಡಿದವಳಲ್ಲ. ಅವಳಿಗೆ ಕಸುಬು ಕಲಿಸಿದ ಮುದುಕ ಮಾಸ್ತರು, ಸ್ವಂತ ಮಗುವಿನ ಅಳತೆ ಕೈಗೇ ಗೊತ್ತಿರಬೇಕು, ಟೇಪು ಹಿಡಿಯೋದು ನಾಚಿಕೆಗೇಡು ಎಂದು ಬೈಯುತ್ತಿದ್ದರು. ಹಾಗಾಗಿ ಚಿನ್ನಿಯ ಲಂಗದಿಂದ ಹಿಡಿದು ಆಫೀಸಿನ ಕೋಟಿನವರೆಗೆ ಎಲ್ಲವನ್ನೂ ಟೈಲರಮ್ಮ ಕಣ್ಣಳತೆಯಲ್ಲೇ ಹೊಲಿದಿದ್ದಳು. ಮಗಳ ಭುಜ ಅವಳಿಗೆ ಗೊತ್ತು, ಭುಜದ ಅಂಕೆ ಗೊತ್ತಿಲ್ಲ. ಕತ್ತರಿಸುವಾಗ ಒಮ್ಮೆ ಮಾತ್ರ, "ನಿನ್ನ ಗೆಳತಿಗೂ ನಿನ್ನ ಹಾಗೇ ಎಡಭುಜ ಇಳಿದಿದೆ ಕಣೇ" ಎಂದಿದ್ದಳು. "ದಿನವಿಡೀ ಕಂಪ್ಯೂಟರ್ ಮುಂದೆ ಕೂತ್ರೆ ಎಲ್ಲರಿಗೂ ಇಳಿಯುತ್ತೆ" ಎಂದು ಚಿನ್ನಿ ನಕ್ಕಿದ್ದಳು. ಗೌನು ಸಿದ್ಧವಾದಾಗ, "ಅಂಚಲ್ಲಿ ಜಾಗ ಬಿಟ್ಟಿದೀನಿ, ಆ ಹುಡುಗಿಯ ಅಮ್ಮನ ಕೈಲಿ ಹೊಲಿಗೆ ಹಾಕಿಸು" ಎಂದು ತಾಯಿ ಹೇಳಿದಾಗ ಮಾತ್ರ ಚಿನ್ನಿ ನಕ್ಕಿರಲಿಲ್ಲ. ಫೋನು ಬಂತೆಂದು ಎದ್ದು ಹೋಗಿದ್ದಳು.

ಆಮೇಲೆ ಬಂತು ಸಮುದ್ರದ ವಿಷಯ. ಆಫೀಸಿನಲ್ಲಿ ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಇಬ್ಬರಿಗೆ ಟಿಕೆಟು, ಹೋಟೆಲು ಎಲ್ಲ ಬಹುಮಾನವಂತೆ. ಬಿಸಿಲಿನ ದ್ವೀಪ, ತೆಂಗಿನ ಮರ, ಬಿಳಿ ಮರಳು. ಗೆಳತಿಯ ಮದುವೆಯೂ ಅಲ್ಲೇ, ಗೌನು ನಾವೇ ಒಯ್ದು ಕೊಟ್ಟರಾಯಿತು. ಹುಟ್ಟಿದಾರಭ್ಯ ಸಮುದ್ರ ನೋಡದ ಟೈಲರಮ್ಮ ಬೀದಿಗೆಲ್ಲ ಸಾರಿ, ಮಂಡಿಗೆ ಪಟ್ಟಿ ಬಿಗಿದುಕೊಂಡು ಹೊರಟಿದ್ದಳು.

"ಮೇಡಂ, ಚೀಲ ಮೇಲಿಡಿ" ಎಂದಳು ಗಗನಸಖಿ.

"ನಿಮ್ಮ ಮಗೂನ ಮೇಲಿಡ್ತೀರೇನಮ್ಮಾ?" ಎಂದಳು ಟೈಲರಮ್ಮ.

ಗಗನಸಖಿ ಸೋತು, ಹಾರುವಾಗ ಮತ್ತು ಇಳಿಯುವಾಗ ತಮ್ಮ ಕೋಟುಗಳ ಬೀರುವಿನಲ್ಲಿ ತೂಗುಹಾಕಲು ಒಪ್ಪಿದಳು. ಮಿಕ್ಕ ಹೊತ್ತು ಅದು ತೊಡೆಯ ಮೇಲೆಯೇ ಇತ್ತು. ಕಾಲುಗಳು ಊದಿ ಚಪ್ಪಲಿಯ ಪಟ್ಟಿ ಮಾಂಸಕ್ಕೆ ಕಚ್ಚಿತು. ಹಿಂದಿನಿಂದ ವಾಸನೆ, ಪಕ್ಕದಿಂದ ಗೊರಕೆ, ಎದುರಿನಿಂದ ಯಾರದೋ ಮಗುವಿನ ಕಿರುಚಾಟ. "ಸ್ವರ್ಗಕ್ಕೆ ಹೋಗೋ ದಾರೀಲಿ ಮೊದಲು ನರಕ ತೋರಿಸ್ತಾರೆ ಅನ್ಸುತ್ತೆ" ಎಂದು ಟೈಲರಮ್ಮ ನಕ್ಕಳು. ಚಿನ್ನಿ ನಗಲಿಲ್ಲ. ತಾಯಿಯ ಕೈ ಹಿಡಿದು, "ಅಮ್ಮಾ, ನಿನಗೊಂದು ಮಾತು ಹೇಳ್ಬೇಕು" ಎಂದಳು. ಆಮೇಲೆ, "ನೀರು ಬೇಕಾ?" ಎಂದಳು.

ಮೊದಲ ವಿಮಾನ ತಡವಾಗಿ ಇಳಿದದ್ದರಿಂದ ಎರಡನೆಯದು ಇವರನ್ನು ಬಿಟ್ಟು ಹಾರಿಹೋಗಿತ್ತು. ಮೊದಲ ಊರಿನಲ್ಲಿ ಹೇಗೋ ಕಣ್ತಪ್ಪಿ ಬಂದಿದ್ದ ಅವಳ ಕತ್ತರಿಯನ್ನು ಇಲ್ಲಿನ ತಪಾಸಣೆಯವರು ಕಸಿದುಕೊಂಡರು. ಮಾಸ್ತರು ಕೊಟ್ಟಿದ್ದ ಕತ್ತರಿ ಅದು, "ಅಯ್ಯಾ, ಇದರಲ್ಲಿ ನಾನು ದಾರ ಬಿಟ್ಟು ಬೇರೇನೂ ಕತ್ತರಿಸಿಲ್ಲ" ಎಂದು ಬೇಡಿಕೊಂಡರೂ ಡಬ್ಬಿಗೆ ಬಿತ್ತು. ಮುಂದಿನ ವಿಮಾನಕ್ಕೆ ಅರ್ಧ ದಿನ ಕಾಯಬೇಕಿತ್ತು. ಗಾಜಿನ ಗೋಡೆಯಾಚೆ ಉರಿಬಿಸಿಲು, ಒಳಗೆ ಮೈ ಕೊರೆಯುವ ಚಳಿ. ಕೈಗಂಬಿ ಹಾಕಿದ ಕಬ್ಬಿಣದ ಕುರ್ಚಿಗಳಲ್ಲಿ ಮಲಗುವ ಹಾಗಿರಲಿಲ್ಲ. ಚಿನ್ನಿ ಬ್ಯಾಗಿಗೆ ತಲೆ ಕೊಟ್ಟು ನೆಲದ ಮೇಲೆಯೇ ಮಲಗಿ ನಿದ್ದೆಹೋದಳು.

ಟೈಲರಮ್ಮ ಅವಳಿಗೆ ಶಾಲು ಹೊದಿಸಲು ಬಗ್ಗಿದಳು. ಮಗ್ಗುಲಾದ ಮಗಳ ಭುಜ ಕಣ್ಣೆದುರಿಗಿತ್ತು. ಆ ಇಳಿದ ಎಡಭುಜ. ಅದನ್ನು ಎಷ್ಟು ಸಲ ನೋಡಿದ್ದಳೋ, ಆದರೆ ಈ ಸಲ ಕೈ ಅಲ್ಲೇ ನಿಂತಿತು. ಗೌನಿನ ಎಡಭುಜಕ್ಕೆ ತಾನು ಒಳಗೆ ಕೂರಿಸಿದ ಮೆತ್ತೆಯ ದಪ್ಪ ಅವಳ ಬೆರಳಿಗೆ ನೆನಪಾಯಿತು. ಸುತ್ತ ನೋಡಿದಳು. ಯಾರೂ ಗಮನಿಸುತ್ತಿರಲಿಲ್ಲ. ಕೈಚೀಲದಿಂದ ಟೇಪು ತೆಗೆದು, ಮಾಸ್ತರ ಕ್ಷಮೆ ಕೇಳಿ, ಹುಟ್ಟಿದಂದಿನಿಂದ ಟೇಪು ಮುಟ್ಟಿಸದ ಮಗಳಿಗೆ ಭುಜದಿಂದ ಭುಜಕ್ಕೆ ಹಿಡಿದಳು. ತೋಳಿಗೆ ಹಿಡಿದಳು. ಗೌನಿನ ಅಳತೆಗೂ ಇದಕ್ಕೂ ಎಳ್ಳಷ್ಟೂ ಆಚೀಚೆ ಇರಲಿಲ್ಲ.

"ಅಯ್ಯೋ ನನ್ನ ಕಳ್ಳೀ!" ಎಂದಳು, ಗಟ್ಟಿಯಾಗಿಯೇ. ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು.

ಎಲ್ಲ ಒಂದೇ ಏಟಿಗೆ ಹೊಳೆಯಿತು. ಗೆಳತಿಯೂ ಇಲ್ಲ, ಬಹುಮಾನವೂ ಇಲ್ಲ. ಆ ಕನ್ನಡಕದ ಹುಡುಗ, ಎರಡು ಸಲ ಮನೆಗೆ ಬಂದು ಕೊಟ್ಟ ಕಾಫಿಯನ್ನು ತಣ್ಣಗಾಗಿಸಿ ಕುಡಿದು ಹೋದವನು, ಅವನೇ ಇರಬೇಕು. ಅಮ್ಮನಿಗೆ ಅಚ್ಚರಿ ಮಾಡಬೇಕೆಂದು ಮಗಳು ಇಷ್ಟೆಲ್ಲ ನಾಟಕ ಹೂಡಿದ್ದಾಳೆ! ಮದುವೆಯ ದಿನ ಸಮುದ್ರದ ಮುಂದೆ ನಿಲ್ಲಿಸಿ "ಅಮ್ಮಾ, ಇದು ನೀನು ನನಗೇ ಹೊಲಿದದ್ದು" ಅನ್ನಬೇಕೆಂದಿದ್ದಾಳೆ. ಟೈಲರಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಗೊತ್ತಿಲ್ಲದೆ ಹೊಲಿದೆನಲ್ಲಾ, ಗೊತ್ತಿದ್ದರೆ ಕುತ್ತಿಗೆಗೆ ಇನ್ನೆರಡು ಸಾಲು ಮುತ್ತು ಕೂರಿಸುತ್ತಿದ್ದೆನಲ್ಲಾ ಎಂದು ಒಂದು ಗಳಿಗೆ ಪೇಚಾಡಿದಳು. ಹೋಗಲಿ, ಮಗು ಸಂತೋಷಪಡಲಿ, ತನಗೆ ಗೊತ್ತಾಯಿತೆಂದು ತೋರಿಸಿಕೊಳ್ಳಬಾರದು ಎಂದುಕೊಂಡಳು.

ಚೀಲ ಎತ್ತಿಕೊಂಡು ಹೆಂಗಸರ ಬಚ್ಚಲುಕೋಣೆಗೆ ನಡೆದಳು. ಒಳಗಿಂದ ಚಿಲಕ ಹಾಕಿ, ಗೌನಿನ ಅಂಚನ್ನು ಹುಡುಕಿ, ಎದೆಯ ಬಳಿ ಬಟ್ಟೆಗೆ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿ ತೆಗೆದಳು. ಊರಿನ ತಾಯಂದಿರಿಗೆಲ್ಲ ದಾರ ಪೋಣಿಸಿ ಕೊಟ್ಟವಳಿಗೆ ತನ್ನ ಸರದಿ ಬಂದಾಗ ಕಣ್ಣು ಮಂಜಾಗಿ ದಾರ ಹೋಗಲೇ ಇಲ್ಲ. ಹೊರಗೆ ಯಾರೋ ಬಾಗಿಲು ಬಡಿದರು. "ಇರ್ರೀ, ಮಗಳ ಮದುವೆ!" ಎಂದು ಒಳಗಿಂದಲೇ ಗದರಿದಳು. ಕೊನೆಗೂ ಪೋಣಿಸಿ, ಹೊಲಿಗೆ ಹಾಕಿ, ಗಂಟು ಬಿಗಿದು, ಕತ್ತರಿ ಇಲ್ಲದ್ದರಿಂದ ಹಲ್ಲಿನಲ್ಲಿ ದಾರ ಕಚ್ಚಿದಳು. ಇಷ್ಟು ವರ್ಷದಲ್ಲಿ ಅಂಥ ಸುಖ ಅವಳಿಗೆ ಬಂದಿರಲಿಲ್ಲ.

ಅಲ್ಲಿಂದ ಮುಂದಿನ ಪ್ರಯಾಣವೆಲ್ಲ ಅವಳಿಗೆ ಹೂವಿನ ಹಾಸಿಗೆ. ಎರಡನೆಯ ವಿಮಾನದಲ್ಲೂ ನಡುವಿನ ಸೀಟೇ, ಇರಲಿ. ಮಂಡಿ ಹಿಡಿದುಕೊಂಡಿತು, ಇರಲಿ. ಗಾಳಿಯ ಹೊಡೆತಕ್ಕೆ ವಿಮಾನ ಕುಲುಕಾಡಿ ಗಗನಸಖಿಯ ಕೈಯಿಂದ ಕಾಫಿಯ ಜಗ್ಗು ವಾಲಿದಾಗ ಟೈಲರಮ್ಮ ಕಣ್ಣು ಮಿಟುಕಿಸುವಷ್ಟರಲ್ಲಿ ಚೀಲದ ಮೇಲೆ ಬಗ್ಗಿ ತೋಳು ಅಡ್ಡ ಕೊಟ್ಟಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತು.

"ಬಟ್ಟೆ ತಾನೇ ಅಮ್ಮಾ, ಹಾಳಾಗಿದ್ರೆ ಹಾಳಾಗ್ತಿತ್ತು!" ಎಂದು ಚಿನ್ನಿ ಅತ್ತುಬಿಟ್ಟಳು. ಬಿಕ್ಕಿ ಬಿಕ್ಕಿ ಅತ್ತಳು. "ನನಗೋಸ್ಕರ ನೀನು ಏನೂ ಮಾಡ್ಬೇಡಮ್ಮ, ಪ್ಲೀಸ್ ಏನೂ ಮಾಡ್ಬೇಡ."

"ನಿನಗೋಸ್ಕರ ಯಾರು ಮಾಡಿದ್ರು? ನಿನ್ನ ಗೆಳತಿಗೋಸ್ಕರ" ಎಂದು ಟೈಲರಮ್ಮ ರೆಪ್ಪೆ ಅಲುಗಿಸದೆ ಹೇಳಿ, ಒಳಗೊಳಗೇ ತನ್ನ ಜಾಣತನಕ್ಕೆ ತಾನೇ ಬೀಗಿದಳು.

ಮೂರನೆಯದು ತಗಡಿನ ಡಬ್ಬದಂಥ ಪುಟ್ಟ ವಿಮಾನ. ಅದು ಇಳಿಸಿದ ಕಡೆ ಇವರ ಪೆಟ್ಟಿಗೆಗಳು ಬಂದಿರಲಿಲ್ಲ. ಆಮೇಲೆ ದೋಣಿ. ಸಮುದ್ರ ನೋಡಬೇಕೆಂದು ಜೀವಮಾನವಿಡೀ ಹಂಬಲಿಸಿದವಳು ಅದರ ಮೇಲೆ ಹೋಗುತ್ತಿದ್ದಷ್ಟು ಹೊತ್ತೂ ಅದನ್ನು ನೋಡಲಿಲ್ಲ, ಬಕೆಟ್ಟಿನೊಳಗೆ ಮುಖ ಹಾಕಿ ಕರುಳೇ ಕಿತ್ತು ಬರುವಂತೆ ವಾಂತಿ ಮಾಡಿಕೊಂಡಳು. ಒಂದು ಕೈಲಿ ಬಕೆಟ್ಟು, ಇನ್ನೊಂದು ಕೈ ಎತ್ತಿ ಹಿಡಿದು ಅದರಲ್ಲಿ ಗೌನಿನ ಚೀಲ. ದೋಣಿಯವನು "ಕೊಡಿ ಅಮ್ಮಾ, ನಾನು ಹಿಡ್ಕೋತೀನಿ" ಎಂದರೆ ತಲೆಯಾಡಿಸಿದಳು.

ದಡದಲ್ಲಿ ಹೋಟೆಲು. ಮರದ ಹಲಗೆಯ ಹಾದಿ, ಬದಿಗೆ ಹೂಗಿಡ, ಮುಂದೆ ಚಪ್ಪರದಂಥ ಪಡಸಾಲೆ. ಸ್ವಾಗತದ ಹುಡುಗಿ ಓಡಿಬಂದು, "ಮದುಮಗಳ ಅಮ್ಮ ಅಲ್ವಾ? ಬನ್ನಿ ಬನ್ನಿ, ಎಲ್ಲರೂ ನಿಮ್ಮ ದಾರೀನೇ ನೋಡ್ತಿದಾರೆ" ಎಂದಳು.

ಚಿನ್ನಿಯ ಮುಖ ಬಿಳಿಚಿಕೊಂಡಿತು. ಟೈಲರಮ್ಮ ತಡೆಯಲಾರದೆ ನಕ್ಕಳು. ಗುಟ್ಟು ರಟ್ಟಾಯಿತಲ್ಲ, ಇನ್ನೇಕೆ ನಾಟಕ? "ನನಗೆ ಗೊತ್ತು ಬಿಡೇ, ಅಲ್ಲಿ ನೆಲದ ಮೇಲೆ ಮಲಗಿದ್ಯಲ್ಲ, ಆಗ್ಲೇ" ಎಂದು ಮಗಳ ಗಲ್ಲ ಹಿಡಿಯಲು ಹೋದಳು.

ಅಷ್ಟರಲ್ಲಿ ಒಳಗಿನಿಂದ ಒಬ್ಬ ಗಂಡಸು ಬಂದ. ಹೂವಿನ ಚಿತ್ರದ ಸಡಿಲ ಅಂಗಿ, ಕೈಯಲ್ಲಿ ಎಳನೀರಿನ ಲೋಟ, ತುಂಬಿದ ಕೆನ್ನೆ, ಚೆನ್ನಾಗಿ ನಿದ್ದೆ ಮಾಡಿದ ಕಣ್ಣು. ಎಷ್ಟು ವರ್ಷವಾದರೂ ನಡಿಗೆ ಬದಲಾಗುವುದಿಲ್ಲ. ಟೈಲರಮ್ಮನಿಗೆ ಮೊದಲು ಗೊತ್ತಾಗಿದ್ದು, ಕರೆಸಿಕೊಳ್ಳುತ್ತೇನೆಂದು ಹೋದವನ ಆ ನಡಿಗೆ.

"ಬಂದ್ರಾ? ಪ್ರಯಾಣ ಆರಾಮಾಗಿತ್ತಾ?" ಎಂದ. ಚಿನ್ನಿಯ ನೆತ್ತಿಯ ಮೇಲೆ ಕೈಯಿಟ್ಟ. ಆ ಕೈಯ ಕೆಳಗೆ ಚಿನ್ನಿ ತಲೆ ಬಗ್ಗಿಸಿದ ರೀತಿ ಇತ್ತಲ್ಲ, ಅದು ಮೊದಲ ಸಲದ್ದಲ್ಲ. ಅದು ರೂಢಿಯಾದದ್ದು.

"ನಾನು ನೆನ್ನೇನೇ ಬಂದೆ" ಎಂದ ಆ ಮನುಷ್ಯ. "ಟಿಕೆಟು ತೆಗೆಯೋವಾಗ ನಿಮಗೆ ಹಿಂದಿನ ಸಾಲು ಮಾತ್ರ ಉಳಿದಿತ್ತು ನೋಡು. ಕಷ್ಟ ಆಯ್ತಾ?"

ಟಿಕೆಟು ಇವನದು! ಹಾಗಾದರೆ ವಿಮಾನದಲ್ಲಿ ತಿಂದದ್ದು ಇವನದು, ಕುಡಿದ ನೀರು ಇವನದು. ಒಂದು ಹೊತ್ತು ಊಟಕ್ಕೂ ಈ ಮನುಷ್ಯನ ಮುಂದೆ ಕೈ ಚಾಚದೆ ಮಗಳನ್ನು ಸಾಕಿದವಳನ್ನು ಅವನ ಖರ್ಚಿನಲ್ಲಿ ಮೂಟೆಯ ಹಾಗೆ ತಂದು ಇಳಿಸಿದ್ದರು. ಸ್ವಾಗತದ ಹುಡುಗಿ, ಅತ್ತ ನಿಂತ ಕನ್ನಡಕದ ಹುಡುಗ, ಅವನ ಮನೆಯವರು, ಎಲ್ಲರೂ ಇವಳನ್ನೇ ನೋಡುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು. ಕಿವಿಯ ಮೇಲೆ ಹೂವಿಟ್ಟುಕೊಂಡು ಇಷ್ಟು ದೂರ ಬಂದವಳು ತಾನೊಬ್ಬಳೇ.

ಕೋಣೆಯೊಳಗೆ ಬಾಗಿಲು ಹಾಕಿಕೊಂಡ ಮೇಲೆ ಕೇಳಿದಳು: "ಎಷ್ಟು ದಿನದಿಂದ?"

"ಎರಡು ವರ್ಷದಿಂದ" ಎಂದಳು ಚಿನ್ನಿ. "ನಾನೇ ಹುಡುಕಿದ್ದು. ಅವರ ಆ ಸಂಸಾರ ಮುರಿದುಬಿತ್ತಂತೆ, ಒಬ್ಬರೇ ಇದ್ರು. ತುಂಬ ಬದಲಾಗಿದಾರಮ್ಮ. ಎಷ್ಟು ಪಶ್ಚಾತ್ತಾಪ ಪಡ್ತಾರೆ ಗೊತ್ತಾ?"

"ಎರಡು ವರ್ಷ ದಿನಾ ನನ್ನೆದುರು ಕೂತು ಉಂಡಿದೀಯ."

"ಹೇಳಿದ್ರೆ ನೀನು ಬರ್ತಿರ್ಲಿಲ್ಲ. ಮದುವೆಗೆ ನೀವಿಬ್ರೂ ಇರ್ಬೇಕು ಅಂತ ನನಗಾಸೆ. ತಪ್ಪಾ ಅದು?"

"ಬರ್ತಿರ್ಲಿಲ್ಲ ಅಂತ ನೀನೇ ನಿರ್ಧಾರ ಮಾಡಿದ್ಯಾ? ಕೇಳಿದ್ಯಾ ಒಂದ್ಸಲ? ಕೇಳಿದ್ರೆ ಕೂಗಾಡ್ತಿದ್ದೆ, ತಟ್ಟೆ ಎಸೀತಿದ್ದೆ, ಮೂರು ದಿನ ಮಾತು ಬಿಡ್ತಿದ್ದೆ. ಆಮೇಲೆ ಬರ್ತಿದ್ದೆ ಕಣೇ! ನಿನ್ನ ಮದುವೆಗೆ ನಾನು ಬರದೆ ಇರ್ತಿದ್ನಾ? ಮಾಸ್ತರ ಕತ್ತರಿ ಹೋಯ್ತು, ಕೈ ಸುಟ್ಟುಕೊಂಡೆ, ಅದೆಲ್ಲ ಹಾಳಾಗಿ ಹೋಗ್ಲಿ. ನಿನ್ನ ಗೌನನ್ನ ನನ್ನ ಕೈಲೇ ಹೊಲಿಸಿ ಅದು ನಿನ್ನದು ಅಂತ ನನಗೇ ಹೇಳ್ಲಿಲ್ವಲ್ಲ! ಅವನಿಗೆ ಗೊತ್ತಿತ್ತಾ ಅದು ನಿನ್ನದು ಅಂತ?"

ಚಿನ್ನಿ ಗೌನಿನ ಚೀಲವನ್ನು ಎತ್ತಿ ತೂಗುಹಾಕಲು ಹೋದಳು. ಗೊತ್ತಿತ್ತು ಎಂದಾಯಿತು.

"ನಾಳೆ ಒಂದು ದಿನ ಮಾತ್ರ" ಎಂದು ಕೊನೆಗೆ ಬೇಡಿಕೊಂಡಳು. "ಮುಂದೆ ಎರಡು ಕುರ್ಚಿ ಹಾಕ್ತಾರೆ. ಅವರ ಪಕ್ಕ ಕೂತ್ಕೋ ಅಮ್ಮಾ. ನನಗೋಸ್ಕರ."

ಟೈಲರಮ್ಮ ಕೂತಳು. ಮರುದಿನ ಬಿಸಿಲು ಇಳಿಯುವ ಹೊತ್ತಿಗೆ, ಮರಳಿನ ಮೇಲೆ, ಅಲೆಗಳಿಗೆ ಎದುರಾಗಿ, ಬಿಳಿ ಬಟ್ಟೆ ಹೊದಿಸಿದ ಎರಡು ಕುರ್ಚಿಗಳಲ್ಲಿ ಒಂದರಲ್ಲಿ ಅವನು, ಒಂದರಲ್ಲಿ ಇವಳು. ಪೆಟ್ಟಿಗೆ ಬಾರದ್ದರಿಂದ ಇವಳ ಮೈಮೇಲೆ ಪ್ರಯಾಣದ ಬಟ್ಟೆಯೇ. ಗೌನು ಚಿನ್ನಿಗೆ ಎರಕ ಹೊಯ್ದ ಹಾಗೆ ಕೂತಿತ್ತು. ಇಳಿದ ಭುಜ ಯಾರಿಗೂ ಕಾಣಲಿಲ್ಲ. "ಎಂಥಾ ಗೌನು!" ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಟೈಲರಮ್ಮ ಹಲ್ಲು ಕಚ್ಚಿಕೊಂಡು ನೋಡಿದಳು. ಮಗಳು ಚೆನ್ನಾಗಿ ಕಾಣುತ್ತಿದ್ದಳು, ಅದನ್ನು ಇಲ್ಲವೆನ್ನಲು ಅವಳಿಂದಾಗಲಿಲ್ಲ. ಆ ಒಂದು ಗಳಿಗೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವ ಮನಸ್ಸೂ ಬಂತು. ಆಗಲಿ, ಎಷ್ಟಾದರೂ ಅಪ್ಪ ಬೇಕೆನ್ನಿಸಿರಬಹುದು, ತನಗೆ ಹೆದರಿ ಮುಚ್ಚಿಟ್ಟಿರಬಹುದು. ಮಕ್ಕಳ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳುವುದು?

ಉಂಗುರ ಬದಲಾಯಿಸಿ ಚಪ್ಪಾಳೆ ಮುಗಿದ ಮೇಲೆ ಹಿರಿಯರು ಎರಡು ಮಾತಾಡಬೇಕೆಂದರು. ಆ ಮನುಷ್ಯ ಎದ್ದು ಗಂಟಲು ಸರಿಮಾಡಿಕೊಂಡ.

"ನಮ್ಮ ಚಿನ್ನಿ ಸ್ಕೂಲಲ್ಲಿ ಆಮೆ ಪಾರ್ಟು ಮಾಡಿದ್ಲು" ಎಂದು ಶುರುಮಾಡಿದ. "ಹಸಿರು ಅಸ್ತರಿನ ಬಟ್ಟೆ, ಬೆನ್ನ ಮೇಲೆ ಹತ್ತಿ ತುಂಬಿದ ಚಿಪ್ಪು. ನಾವು ಮುಂದಿನ ಸಾಲಲ್ಲೇ ಕೂತಿದ್ವಿ. ಸ್ಟೇಜಿಗೆ ಬಂದವಳು ಮಾತು ಮರೆತು ಗರಬಡಿದ ಹಾಗೆ ನಿಂತಳು. ಆಗ ನಾವು ಕೆಳಗಿಂದ ಕೂಗಿದ್ವಿ, 'ನಿಧಾನ ಆದ್ರೂ ಬಂದೇ ಬರ್ತೀನಿ!' ಅಂತ. ಇಡೀ ಸಭೆ ನಕ್ತು. ಇವಳೂ ನಕ್ಕು ಮಾತು ಮುಂದುವರಿಸಿದ್ಲು. ಅಂಥಾ ಮಗಳನ್ನ ನಾವು ಬೆಳೆಸಿದ್ವಿ."

ಜನ ಹೋ ಎಂದು ನಕ್ಕರು. ಬೀಗಿತ್ತಿ ಕಣ್ಣೊರೆಸಿಕೊಂಡರು. ಕನ್ನಡಕದ ಹುಡುಗ ಚಿನ್ನಿಯ ಕೈ ಅದುಮಿದ.

ಆ ಚಿಪ್ಪಿಗೆ ಹತ್ತಿ ತುಂಬಿದ್ದು ಟೈಲರಮ್ಮ. ಕೂಗಿದ್ದು ಅವಳು. ಆ ದಿನ ಈ ಮನುಷ್ಯ ಇನ್ನೊಂದು ಮನೆಯಲ್ಲಿ ಕಾಲು ಚಾಚಿ ಕೂತಿದ್ದ. ಇವನಿಗೆ ಅಸ್ತರಿನ ಬಣ್ಣ ಹೇಗೆ ಗೊತ್ತು? ಚಿನ್ನಿ ಹೇಳಿದ್ದಾಳೆ. ಎರಡು ವರ್ಷ ಕೂತು, ತಾಯಿ ಮಗಳ ಪಾಲಿಗಿದ್ದ ಒಂದೊಂದನ್ನೇ ತೆಗೆದು ಇವನ ಕೈಗೆ ಹಾಕಿದ್ದಾಳೆ.

"ಅಮ್ಮನೂ ಎರಡು ಮಾತಾಡ್ಲಿ!" ಎಂದು ಯಾರೋ ಕೂಗಿದರು.

ಟೈಲರಮ್ಮ ಎದ್ದಳು. "ನನಗೆ ಹೇಳೋಕೆ ಏನೂ ಉಳಿದಿಲ್ಲ" ಎಂದಳು. "ಎಲ್ಲಾನೂ ಅವರೇ ಹೇಳಿಬಿಟ್ರು."

ಹಾಸ್ಯವೆಂದುಕೊಂಡು ಎಲ್ಲರೂ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಅವಳು ಚಪ್ಪಲಿ ಬಿಟ್ಟು ನೀರಿನ ಕಡೆಗೆ ನಡೆದಳು.

ಚಿನ್ನಿ ಹಿಂದೆಯೇ ಬಂದಳು. "ಅಮ್ಮಾ, ನಿಂತ್ಕೋ. ಜನ ನೋಡ್ತಿದಾರೆ. ಅಪ್ಪನೇ ಕೇಳಿದ್ರು, ನನ್ನ ಕೈತಪ್ಪಿ ಹೋಗಿದ್ದೆಲ್ಲ ಹೇಳು ಅಂತ ದಿನಾ ಕೇಳ್ತಿದ್ರು. ಅದಕ್ಕೆ ಹೇಳ್ದೆ."

ಟೈಲರಮ್ಮ ತಿರುಗಿದಳು. ಕೂಗಾಡಲಿಲ್ಲ. ಅವಳ ದನಿ ಕೇಳಿದರೆ ಯಾರೋ ಗಿರಾಕಿಯನ್ನು ಮಾತಾಡಿಸುತ್ತಿದ್ದಾಳೆ ಎನ್ನಬೇಕು.

"ಆ ನಾಟಕದ ದಿನ ಬೆಳಗ್ಗೆ ನೀನೇನಂದೆ ನೆನಪಿದ್ಯಾ? ಪಕ್ಕದ ಕುರ್ಚಿ ಖಾಲಿ ಇಡು ಅಂದೆ. ಅಪ್ಪ ಬಂದ್ರೂ ಬರಬಹುದು ಅಂದೆ. ಬರಲ್ಲ ಅಂತ ನನಗೆ ಗೊತ್ತಿತ್ತು. ಆದ್ರೂ ಬ್ಯಾಗಿಟ್ಟು ಹಿಡ್ಕೊಂಡೆ. ಎಷ್ಟು ಜನ ಬಂದು ಕೇಳಿದ್ರು, ಎಷ್ಟು ಬೈದ್ರು. ಕೊನೇವರೆಗೂ ಬಿಡ್ಲಿಲ್ಲ. ಸ್ಟೇಜ್ ಮೇಲಿಂದ ನೀನು ಮಾತು ಮರೆತು ನೋಡ್ತಿದ್ದದ್ದು ಆ ಖಾಲಿ ಕುರ್ಚೀನ ಚಿನ್ನಿ. ಅದಕ್ಕೇ ನಾನು ಕೂಗಿದ್ದು. ಅದನ್ನ ಹೇಳಿದ್ಯಾ ಅವರಿಗೆ?"

ಚಿನ್ನಿ ಮುಖ ಎತ್ತಿದಳು. ಸುಳ್ಳು ಹೇಳುವ ಮುಖವಾಗಿರಲಿಲ್ಲ ಅದು. ಎರಡು ವರ್ಷದಲ್ಲಿ ಮೊದಲ ಬಾರಿಗೆ ತಾಯಿಗೆ ನಿಜ ಹೇಳುತ್ತಿದ್ದಳು.

"ನನಗೆ ಅದು ಖಾಲಿ ಇದ್ದದ್ದು ನೆನಪೇ ಇಲ್ಲಮ್ಮ" ಎಂದಳು. "ಈಗ ನೆನಪಿಸ್ಕೊಂಡ್ರೆ ಅವರು ಅಲ್ಲಿ ಕೂತಿರ್ತಾರೆ."

ಒಂದು ಅಲೆ ಬಂದು ಇಬ್ಬರ ಪಾದಗಳನ್ನೂ ತೋಯಿಸಿ ಹೋಯಿತು. ಗೌನಿನ ಅಂಚು ನೆನೆಯಿತು. ಚಿನ್ನಿ ಎತ್ತಿಕೊಳ್ಳಲಿಲ್ಲ, ಟೈಲರಮ್ಮನೂ ಬಗ್ಗಲಿಲ್ಲ.

"ಅಲ್ಲಿ ನಾನೂ ಕೂತಿರ್ತೀನಾ?" ಎಂದು ಕೇಳಬೇಕೆಂದು ಅವಳ ಬಾಯಿಗೆ ಬಂತು. ಕೇಳಲು ಧೈರ್ಯವಾಗಲಿಲ್ಲ.

"ಹೋಗು" ಎಂದಳು. "ಬೆಳಗ್ಗೆ ಮೊದಲನೇ ದೋಣಿ ಎಷ್ಟೊತ್ತಿಗೆ ಅಂತ ಆ ಹುಡುಗೀನ ಕೇಳ್ಕೊಂಡು ಬಾ."

"ಅಮ್ಮಾ, ಇನ್ನೂ ಇಡೀ ವಾರ ಇದೆ. ನೀನು ಸಮುದ್ರಾನೇ ಸರಿಯಾಗಿ ನೋಡಿಲ್ಲ."

"ಕೇಳ್ಕೊಂಡು ಬಾ ಅಂದೆ."

ಚಿನ್ನಿ ಹೋದಳು. ದೀಪ ಹಚ್ಚಿದ್ದ ಚಪ್ಪರದ ಹತ್ತಿರ ಆ ಮನುಷ್ಯ ಎದುರಿಗೆ ಬಂದು ಅವಳ ಹೆಗಲ ಮೇಲೆ ಕೈಹಾಕಿ ಏನೋ ಕೇಳಿದ. ಅವಳು ಈಗ ತಾಯಿಯಿಂದ ಕೇಳಿದ್ದನ್ನೂ ಹೇಳತೊಡಗಿದಳು. ಅವನು ತಲೆ ಬಗ್ಗಿಸಿ, ಒಂದು ಮಾತೂ ತಪ್ಪದಂತೆ ಕೇಳಿಸಿಕೊಳ್ಳುತ್ತಿದ್ದ.